ಹೇಳಿ ಕಚ್ಚುವ ನಾಯಿ

ವಾರಕ್ಕೆ ಕಡಿಮೆ ಅಂದರೂ ಎರಡು ಫೋನು ಹೀಗೆ ಬರುತ್ತವೆ.

"ಸಾರ್, ನಮ್ಮ ನಾಯಿ ಇತ್ತೀಚೆಗೆ ಗುರ್ ಅನ್ನೋಕೆ ಶುರು ಮಾಡಿದೆ. ಅದೊಂದನ್ನ ಬಿಡಿಸಿಕೊಡಿ."

ಯಾವಾಗ ಗುರ್ ಅನ್ನುತ್ತೆ ಅಂತ ಕೇಳುತ್ತೇನೆ. ಊಟ ಮಾಡುವಾಗ, ಸೋಫಾ ಮೇಲೆ ಮಲಗಿದ್ದಾಗ, ಮಗು ಹೋಗಿ ತಬ್ಬಿಕೊಂಡಾಗ, ಹೀಗೆ ಏನೋ ಒಂದು ಹೇಳುತ್ತಾರೆ. "ಆಗ ನೀವೇನು ಮಾಡ್ತೀರಿ?" ಅಂದರೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ಇಳಿಸಿ, "ಒಂದೇಟು ಹಾಕ್ತೀವಿ ಸಾರ್. ಜೋರಾಗೇನಲ್ಲ."

ನಾನೂ ಹಾಕುತ್ತಿದ್ದೆ. ಜೋರಾಗೇ ಹಾಕುತ್ತಿದ್ದೆ. ಅದಕ್ಕೆ ದುಡ್ಡೂ ತಗೊಳ್ಳುತ್ತಿದ್ದೆ. ಬೆಂಗಳೂರಿಗೆ ಬಂದು ನಾಯಿ ತರಬೇತಿಗೆ ಇಳಿದು ಇಪ್ಪತ್ತು ವರ್ಷದ ಮೇಲಾಯಿತು. ಮೊದಲ ನಾಲ್ಕು ವರ್ಷ ನಾನು ಮಾಡಿದ್ದನ್ನು ತರಬೇತಿ ಅಂತ ಕರೆಯೋಕೆ ಈಗ ನನಗೇ ನಾಚಿಕೆ.

ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿ, ಮುಧೋಳದ ಹತ್ತಿರ. ಸುತ್ತ ಕಬ್ಬು, ಆ ಕಡೆ ಘಟಪ್ರಭಾ. ಶಾಲೆಯಲ್ಲಿ ಮೇಷ್ಟ್ರು ಇದು ರನ್ನನ ನಾಡು ಅಂತ ಹೇಳಿಕೊಡುತ್ತಿದ್ದರು. ಹೊರಗಿನವರಿಗೆ ಮಾತ್ರ ಇದು ಮುಧೋಳ ನಾಯಿಯ ಊರು. ಉದ್ದ ಮೂತಿ, ಸಣಕಲು ಸೊಂಟ, ಎಣಿಸಬಹುದಾದ ಪಕ್ಕೆಲುಬು. ಮೊದಲ ಸಲ ನೋಡಿದವರು "ಇದಕ್ಕೆ ಊಟ ಹಾಕಲ್ವಾ?" ಅಂತಲೇ ಕೇಳುತ್ತಾರೆ. ಅದು ಓಡುವುದನ್ನು ನೋಡಿದ ಮೇಲೆ ಯಾರೂ ಆ ಮಾತು ಎತ್ತುವುದಿಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ರಾಜರು ಈ ತಳಿಯನ್ನು ಸಾಕಿ ಬೆಳೆಸಿದ್ದು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟಿದ್ದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಕಥೆ. 2005ರಲ್ಲಿ ಈ ನಾಯಿಯ ಅಂಚೆಚೀಟಿ ಬಂತು. ಆಮೇಲೆ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ನಾಯಿಗೆಂದೇ ಒಂದು ಸಂಶೋಧನಾ ಕೇಂದ್ರ ತೆರೆದರು. 2016ರಲ್ಲಿ ಸೈನ್ಯದವರು ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದರು.

ನಾನು ಚಿಕ್ಕವನಿದ್ದಾಗ ಇದ್ಯಾವುದೂ ಇರಲಿಲ್ಲ. ನಮ್ಮ ಕಾಕಾನ ಹೊಲದ ಗುಡಿಸಲಲ್ಲಿ ಎರಡು ನಾಯಿ ಇದ್ದವು, ಅಷ್ಟೇ. ಅವಕ್ಕೆ ಯಾರೂ "ಕೂತ್ಕೋ" ಅಂತ ಕಲಿಸಿದ್ದಿಲ್ಲ. ಬೆಳಿಗ್ಗೆ ಹಾಲು, ಸಂಜೆ ಜೋಳದ ರೊಟ್ಟಿ. ಅಪರಿಚಿತರು ಮುಟ್ಟಲು ಹೋದರೆ ಎದ್ದು ಆಚೆ ಹೋಗುತ್ತಿದ್ದವು. ಈ ತಳಿಯೇ ಹಾಗೆ, ಎಲ್ಲರ ಕೈಯನ್ನೂ ಸಹಿಸುವುದಿಲ್ಲ.

ಒಂದು ಸಲ ಹೆಣ್ಣುನಾಯಿ ಮರಿ ಹಾಕಿತ್ತು. ನಾನು ಮರಿ ನೋಡೋಣ ಅಂತ ಕಾಕಾನ ಹಿಂದೆ ಹೋದೆ. ನಾಲ್ಕು ಹೆಜ್ಜೆ ದೂರ ಇರುವಾಗಲೇ ಅದು ಗುರ್ ಅಂದಿತು. ಕಾಕಾ ಅಲ್ಲೇ ನಿಂತ. ರೊಟ್ಟಿ ಮುರಿದು ನಿಂತಲ್ಲಿಂದಲೇ ಎಸೆದ. ನನ್ನ ರಟ್ಟೆ ಹಿಡಿದು ವಾಪಸ್ ತಿರುಗಿದ.

"ಬೈಯೂದಿಲ್ಲೇನು ಕಾಕಾ ಅದಕ್ಕ?" ಅಂದೆ.

"ಯಾಕ ಬೈಬೇಕೋ? ಹೇಳೇ ಕಚ್ಚತೈತಲ್ಲ, ಚಲೋನ ಆತಲ್ಲ," ಅಂದ.

ನನಗದು ತಮಾಷೆ ಅನಿಸಿತು. ಮನೆಗೆ ಬಂದು ಅವ್ವನಿಗೆ ಹೇಳಿ ನಕ್ಕಿದ್ದೆ.

ಪಿಯುಸಿಯಲ್ಲಿ ಎರಡು ವಿಷಯ ಹೋಯಿತು. 2003ರಲ್ಲಿ ಬೆಂಗಳೂರಿಗೆ ಬಂದೆ. ಊರಿನ ಪರಿಚಯದವರೊಬ್ಬರು ಒಂದು ಕೆನಲ್‌ನಲ್ಲಿ ಕೆಲಸಕ್ಕೆ ಹಚ್ಚಿದರು. ಅದೇ ವರ್ಷ ಟಿವಿಯಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು. ಹುಡುಗ ಹೋದಲ್ಲೆಲ್ಲ ಪಗ್ ನಾಯಿ ಹಿಂದೆ ಹಿಂದೆ ಹೋಗುತ್ತದಲ್ಲ, ಅದು. ಊರಿಗೆ ಊರೇ ಪಗ್ ಕೇಳಿಕೊಂಡು ಬರುತ್ತಿತ್ತು. ಮೂಗೇ ಇಲ್ಲದ ಆ ನಾಯಿ ಬೇಸಿಗೆಯಲ್ಲಿ ಉಸಿರಾಡಲು ಎಷ್ಟು ಒದ್ದಾಡುತ್ತದೆ ಅಂತ ಕೊಳ್ಳುವವರಿಗೆ ಯಾರೂ ಹೇಳುತ್ತಿರಲಿಲ್ಲ. ನಾನೂ ಹೇಳಲಿಲ್ಲ. ನನ್ನ ಕೆಲಸ ಪಂಜರ ತೊಳೆಯುವುದು, ಸ್ನಾನ ಮಾಡಿಸುವುದು, ಕಿವಿ ಬೆರಳ ಸಂದಿಯಿಂದ ಉಣ್ಣಿಹುಳ ಆರಿಸುವುದು. ತಿಂಗಳಿಗೆ 2,200 ರೂಪಾಯಿ, ಮಧ್ಯಾಹ್ನದ ಊಟ. ಒಂದು ಲಾಭವಾಯಿತು. ದಿನಕ್ಕೆ ಮೂವತ್ತು ನಲವತ್ತು ನಾಯಿಗಳನ್ನು ಕೈಯಲ್ಲಿ ಹಿಡಿದು ಹಿಡಿದು, ಯಾವುದು ಹೆದರಿದೆ, ಯಾವುದು ಸುಮ್ನೆ ಗಲಾಟೆ ಮಾಡುತ್ತಿದೆ ಅಂತ ಬೆರಳಿಗೇ ಗೊತ್ತಾಗತೊಡಗಿತು.

ಅಲ್ಲಿದ್ದ ಟ್ರೇನರ್ ಒಬ್ಬರು ನನಗೆ ಚೋಕ್ ಚೈನ್ ಕೈಗೆ ಕೊಟ್ಟರು. ಸರಪಳಿ ಕುತ್ತಿಗೆಗೆ ಹಾಕಬೇಕು. ನಾಯಿ ಎಳೆದರೆ ಜಗ್ಗು. ಗುರ್ ಅಂದರೆ ಜಗ್ಗು. ಕೂರದಿದ್ದರೆ ಜಗ್ಗಿ ಸೊಂಟ ಒತ್ತು. "ನಾಯಿ ತೋಳದ ಜಾತಿ. ಗುಂಪಿಗೆ ಒಬ್ಬನೇ ಯಜಮಾನ. ನೀನು ಯಜಮಾನ ಆಗದಿದ್ದರೆ ಅದು ಆಗುತ್ತೆ" ಅನ್ನುತ್ತಿದ್ದರು. ನನಗೆ ಬಹಳ ಹಿಡಿಸಿತು. ಇಪ್ಪತ್ತರ ಹುಡುಗನಿಗೆ ಯಜಮಾನ ಆಗು ಅಂದರೆ ಯಾಕೆ ಹಿಡಿಸಲ್ಲ, ಹೇಳಿ. ಎರಡು ವರ್ಷಕ್ಕೆ ಸ್ವಂತ ಕೆಲಸ ಶುರು ಮಾಡಿದೆ. ಸ್ಕೂಟರ್ ಡಿಕ್ಕಿಯಲ್ಲಿ ನಾಲ್ಕು ಸೈಜಿನ ಸರಪಳಿ.

ಬ್ರೂನೋ ಸಿಕ್ಕಿದ್ದು 2007ರಲ್ಲಿ. ಜಯನಗರದ ಕಡೆ ಒಂದು ಮನೆ. ಬ್ಯಾಂಕಿನಿಂದ ನಿವೃತ್ತರಾದ ಯಜಮಾನರು, ಅವರ ಹೆಂಡತಿ, ಮಗ ಸೊಸೆ, ನಾಲ್ಕು ವರ್ಷದ ಮೊಮ್ಮಗಳು. ಬ್ರೂನೋ ಎರಡು ವರ್ಷದ ಲ್ಯಾಬ್ರಡಾರ್. ಬಾಕಿ ಹೊತ್ತು ಹಸು. ಊಟದ ಬಟ್ಟಲ ಹತ್ತಿರ ಯಾರಾದರೂ ಬಂದರೆ ಮಾತ್ರ ಗುರ್. "ಮಗು ಇರೋ ಮನೆ ಕಣಪ್ಪ, ಇದನ್ನ ಹೇಗಾದರೂ ಬಿಡಿಸು," ಅಂದರು.

ಹತ್ತು ದಿನ ಹೋದೆ. ಬಟ್ಟಲು ಇಡುವುದು, ಹತ್ತಿರ ಹೋಗುವುದು, ಗುರ್ ಅಂದ ಕ್ಷಣ ಜಗ್ಗುವುದು. ನಾಲ್ಕನೇ ದಿನಕ್ಕೆ ದನಿ ಸಣ್ಣದಾಯಿತು. ಏಳನೇ ದಿನಕ್ಕೆ ನಿಂತೇ ಹೋಯಿತು. ಹತ್ತನೇ ದಿನ ಎಲ್ಲರ ಎದುರಿಗೆ ಬಟ್ಟಲಿಗೆ ಕೈ ಹಾಕಿ ತೋರಿಸಿದೆ. ಬ್ರೂನೋ ಕಲ್ಲಿನ ಹಾಗೆ ನಿಂತಿದ್ದ. ಮನೆಯವರು ಚಪ್ಪಾಳೆ ತಟ್ಟಿದರು. ಮಾತಾಡಿದ್ದಕ್ಕಿಂತ ಸಾವಿರ ರೂಪಾಯಿ ಜಾಸ್ತಿ ಕೊಟ್ಟರು.

ಆ "ಕಲ್ಲಿನ ಹಾಗೆ" ಅನ್ನುವುದನ್ನು ಈಗ ನೆನೆಸಿಕೊಂಡರೆ ಬೆನ್ನು ತಣ್ಣಗಾಗುತ್ತದೆ. ಮೈ ಬಿಗಿದಿತ್ತು, ಬಾಯಿ ಮುಚ್ಚಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ನಾನು ಅದನ್ನು ಶಿಸ್ತು ಅಂದುಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಫೋನು ಬಂತು. ಮೊಮ್ಮಗಳು ಬಟ್ಟಲ ಪಕ್ಕ ಬಿದ್ದ ಚೆಂಡು ತೆಗೆಯಲು ಹೋಗಿದ್ದಳು. ಅಂಗೈ ಪಕ್ಕ ಹಲ್ಲು ಇಳಿದಿತ್ತು. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಯಿಂದ ಬಂದಿದ್ದರು. ಯಜಮಾನರು ನನಗೆ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, "ಸದ್ದೇ ಮಾಡ್ಲಿಲ್ಲ ಕಣಪ್ಪ. ಒಂಚೂರೂ ಸದ್ದೇ ಮಾಡ್ಲಿಲ್ಲ" ಅಂತ ಅದನ್ನೇ ಹೇಳುತ್ತಿದ್ದರು.

ಸದ್ದು ಎಲ್ಲಿಂದ ಬರಬೇಕು? ಸದ್ದು ಮಾಡಿದರೆ ಕುತ್ತಿಗೆ ಬಿಗಿಯುತ್ತದೆ ಅಂತ ಹತ್ತು ದಿನ ಕೂತು ಕಲಿಸಿದ್ದು ನಾನೇ. ಊಟ ಕಿತ್ತುಕೊಂಡಾರು ಅನ್ನುವ ಭಯ ಹಾಗೇ ಇತ್ತು. ಇನ್ನೂ ಹೆಚ್ಚಾಗಿತ್ತು. ಯಾಕೆಂದರೆ ಈಗ ಯಾರಾದರೂ ಹತ್ತಿರ ಬಂದರೆ ಊಟವೂ ಹೋಗುತ್ತೆ, ನೋವೂ ಆಗುತ್ತೆ. ಮುಂಚೆ ಅವನು ಗುರ್ ಅಂದು ಮಗುವಿಗೆ ಹಿಂದೆ ಸರಿಯುವ ಅವಕಾಶ ಕೊಡುತ್ತಿದ್ದ. ಆ ಅವಕಾಶವನ್ನು ನಾನು ದುಡ್ಡು ತಗೊಂಡು ಕಿತ್ತು ಹಾಕಿದ್ದೆ. ಕಾಕಾನ ಮಾತು ನೆನಪಾಗಿದ್ದು ಆವತ್ತು ವಾಪಸ್ ಬರುವಾಗ, ಸಿಗ್ನಲ್‌ನಲ್ಲಿ. ಈ ಸಲ ನಗು ಬರಲಿಲ್ಲ.

ಆ ಮನೆಯವರು ನಾಯಿಯನ್ನು ಎಲ್ಲಾದರೂ ಬಿಟ್ಟು ಬನ್ನಿ ಅಂದರು. ನಾನು ನನ್ನ ರೂಮಿಗೇ ಕರೆದುಕೊಂಡು ಬಂದೆ. ಒಂದು ರೂಮು, ಹೊರಗೊಂದು ಪ್ಯಾಸೇಜು. ಓನರ್‌ಗೆ ಬಾಡಿಗೆ 300 ರೂಪಾಯಿ ಜಾಸ್ತಿ ಕೊಡಬೇಕಾಯಿತು.

ಮಗುವಿಗೆ 0, 3, 7, 14, 28ನೇ ದಿನ ಹೀಗೆ ಐದು ರೇಬಿಸ್ ಇಂಜೆಕ್ಷನ್ ಆಯಿತು. ಇದನ್ನು ಹೇಳಿಯೇ ಮುಂದಕ್ಕೆ ಹೋಗುತ್ತೇನೆ. ನಾಯಿ ಕಚ್ಚಿದರೆ ಮೊದಲು ಗಾಯವನ್ನು ಸೋಪು ಹಾಕಿ, ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಹಚ್ಚಬೇಡಿ. ಆಮೇಲೆ ಆಸ್ಪತ್ರೆ. ಸಾಕಿದ ನಾಯಿ, ಲಸಿಕೆ ಹಾಕಿಸಿದೆ ಅಂತ ನೀವೇ ತೀರ್ಮಾನ ಮಾಡಿ ಸುಮ್ಮನಿರಬೇಡಿ. ಏನು ಬೇಕು ಏನು ಬೇಡ ಅಂತ ಡಾಕ್ಟರು ಹೇಳಲಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ.

ಆ ಹೊತ್ತಿಗೆ ನನಗೆ ಒಬ್ಬ ಹವಾಲ್ದಾರರ ಪರಿಚಯವಾಯಿತು. ಸೈನ್ಯದ ನಾಯಿಗಳ ಜೊತೆ ಮೀರತ್‌ನಲ್ಲಿ ಇದ್ದು ನಿವೃತ್ತರಾದವರು. ಸೈನ್ಯ ಅಂದರೆ ಇನ್ನೂ ಜೋರಾಗಿ ಜಗ್ಗುವುದನ್ನು ಕಲಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಅವರು ನನ್ನ ಸರಪಳಿ ನೋಡಿ ಪಕ್ಕಕ್ಕಿಟ್ಟರು. "ಬಾಂಬ್ ಹುಡುಕೋ ನಾಯಿಗೆ ಬಾಂಬ್ ಅಂದ್ರೆ ಏನು ಗೊತ್ತು?" ಅಂದರು. "ಅದು ಹುಡುಕೋದು ಚೆಂಡನ್ನ. ಆ ವಾಸನೆ ಸಿಕ್ಕಿದ್ರೆ ಚೆಂಡು ಸಿಗುತ್ತೆ, ಚೆಂಡು ಸಿಕ್ಕಿದ್ರೆ ಆಟ ಸಿಗುತ್ತೆ. ಹೊಡೆದು ಕಲಿಸಿದ ನಾಯಿ ತಪ್ಪು ಆಗುತ್ತೇನೋ ಅಂತ ಹೆದರಿಕೊಂಡು ಹುಡುಕೋದನ್ನೇ ಬಿಟ್ಟುಬಿಡುತ್ತೆ. ಅದರ ಹಿಂದೆ ನಮ್ಮ ಹುಡುಗರು ನಡೀತಾರೆ, ಗೊತ್ತಾಯ್ತಾ?" ಎರಡು ವರ್ಷ ಭಾನುವಾರ ಭಾನುವಾರ ಅವರ ಮನೆಗೆ ಹೋದೆ. ಹೆಚ್ಚಾಗಿ ಕಲಿಸಿದ್ದು ಸುಮ್ಮನೆ ನಿಲ್ಲುವುದನ್ನು.

ತೋಳದ ಕಥೆಯೂ ಆಗಲೇ ಬಿಚ್ಚಿಕೊಂಡಿತು. ಯಜಮಾನ ತೋಳದ ಮಾತು ಹೆಚ್ಚಾಗಿ ಹಬ್ಬಿದ್ದು 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಮೃಗಾಲಯದ ತೋಳಗಳನ್ನು ನೋಡಿ ಬರೆದ ಅಧ್ಯಯನದಿಂದ. ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಡೇವಿಡ್ ಮೆಕ್ ಅನ್ನುವ ವಿಜ್ಞಾನಿ 1999ರಲ್ಲಿ ಬರೆದದ್ದೇ ಬೇರೆ. ಕಾಡಿನ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಅಲ್ಲಿ ಪಟ್ಟಕ್ಕೆ ಜಗಳವಿಲ್ಲ. ಮೊದಲು ಯಜಮಾನ ತೋಳದ ಮಾತನ್ನು ಜನಪ್ರಿಯ ಮಾಡಿದವರಲ್ಲಿ ಇದೇ ಮೆಕ್ ಒಬ್ಬರು. ತಪ್ಪಾಯಿತು ಅಂತ ತಾವೇ ತಿದ್ದಿಕೊಂಡರು. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನ ಆಗಿದ್ದು ನಿಜ. ಆದರೂ ಟಿವಿ ನೋಡಿಕೊಂಡು ನಾಯಿಯನ್ನು ಅಂಗಾತ ಕೆಡವಿ ಕುತ್ತಿಗೆ ಹಿಡಿಯುವವರು ಇವತ್ತಿಗೂ ಇದ್ದಾರೆ. ಅವರ ಕೈ ಮೇಲಿನ ಗಾಯ ನೋಡಿಯೇ ನಾನು ಗುರುತು ಹಿಡಿಯುತ್ತೇನೆ.

ಬ್ರೂನೋನ ಬಟ್ಟಲಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈಗಲೂ ನಾನು ಇದನ್ನೇ ಮಾಡುವುದು.

ಬಟ್ಟಲು ಮೂಲೆಯಲ್ಲಿ. ನಾನು ಎಂಟು ಅಡಿ ದೂರ. ಯಾಕೆ ಎಂಟು ಅಂದರೆ, ಅಷ್ಟು ದೂರದಲ್ಲಿ ಅವನು ಮೈ ಸಡಿಲ ಬಿಟ್ಟು ತಿನ್ನುತ್ತಿದ್ದ. ಏಳಕ್ಕೆ ಬಂದರೆ ಗಬಗಬ ನುಂಗತೊಡಗುತ್ತಿದ್ದ. ಆ ಗಬಗಬವೇ ಮೊದಲ ಮಾತು. ಎಂಟು ಅಡಿಯಲ್ಲಿ ನಡೆದು ಹೋಗುತ್ತಾ ಬೇಯಿಸಿದ ಕೋಳಿ ಲಿವರ್ ಚೂರೊಂದನ್ನು ಬಟ್ಟಲ ಹತ್ತಿರಕ್ಕೆ ಎಸೆಯುವುದು. ನಿಲ್ಲಬಾರದು, ದಿಟ್ಟಿಸಬಾರದು, "ಒಳ್ಳೇ ಹುಡುಗ" ಅಂತ ಮುದ್ದು ಮಾಡಬಾರದು. ಎಸೆದು ಮುಂದಕ್ಕೆ ಹೋಗುತ್ತಲೇ ಇರುವುದು. ಒಂದು ಊಟಕ್ಕೆ ಹತ್ತು ಸಲ.

ಐದನೇ ದಿನವೋ ಆರನೇ ದಿನವೋ ನನ್ನ ಹೆಜ್ಜೆ ಸಪ್ಪಳಕ್ಕೆ ಬಟ್ಟಲಿಂದ ತಲೆ ಎತ್ತಿದ. ಕಣ್ಣು ಮೃದುವಾಗಿತ್ತು. ಏನು ತಂದೆ ಅನ್ನುವ ಹಾಗೆ. ಗಂಟೆ ಸದ್ದಿಗೆ ಜೊಲ್ಲು ಸುರಿಸಿದ ಪಾವ್ಲೋವ್‌ನ ನಾಯಿಯ ಕಥೆ ಶಾಲೆಯಲ್ಲಿ ಓದಿರುತ್ತೀರಲ್ಲ, ಅದೇ ಇದು. ಇಲ್ಲಿ ಗಂಟೆ ಅಂದರೆ ನಾನು. ಅಲ್ಲಿಂದ ಅರ್ಧರ್ಧ ಅಡಿ ಕಡಿಮೆ ಮಾಡಿದೆ. ಮೈ ಬಿಗಿದರೆ, ಬಟ್ಟಲ ಮೇಲೆ ತಲೆ ಬಗ್ಗಿಸಿ ಕಾವಲು ನಿಂತರೆ, ನಾನು ಜಾಸ್ತಿ ಹತ್ತಿರ ಬಂದೆ ಅಂತ ಅರ್ಥ. ವಾಪಸ್ ಒಂದು ಅಡಿ. ಬಟ್ಟಲ ಪಕ್ಕ ನಿಲ್ಲಲು ಐದು ವಾರ ಹಿಡಿಯಿತು. ಕೈಯಿಂದ ಬಟ್ಟಲೊಳಗೆ ಚೂರು ಹಾಕಲು ಮೂರು ತಿಂಗಳು.

ಅಷ್ಟರಲ್ಲಿ ಒಂದು ರಾತ್ರಿ ನಾನು ಯೋಚನೆ ಇಲ್ಲದೆ ತಪ್ಪಾಗಿ ಬಟ್ಟಲ ಹತ್ತಿರ ಬಗ್ಗಿದೆ. ಬ್ರೂನೋ ಗುರ್ ಅಂದ. ಸಣ್ಣ ದನಿ, ತುಕ್ಕು ಹಿಡಿದ ಬಾಗಿಲ ಹಾಗೆ. ನಾಲ್ಕು ತಿಂಗಳಾದ ಮೇಲೆ ಮೊದಲ ಸಲ. ನಾನು ಹಿಂದೆ ಸರಿದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳು ಬಂತು ಅಂದರೆ ನಗುತ್ತೀರೇನೋ.

ಅವನು ನನ್ನ ಜೊತೆ ಒಂಬತ್ತು ವರ್ಷ ಇದ್ದ. ಆ ಒಂಬತ್ತು ವರ್ಷದಲ್ಲಿ ಯಾರನ್ನೂ ಕಚ್ಚಲಿಲ್ಲ. ಆದರೆ ಅವನು ಉಣ್ಣುವಾಗ ಯಾವ ಮಗುವನ್ನೂ ನಾನು ಹತ್ತಿರ ಬಿಡಲಿಲ್ಲ, ಒಂದು ಸಲವೂ. ಇದು ನಂಬಿಕೆಯ ಪ್ರಶ್ನೆ ಅಲ್ಲ. ನೀವು ಉಣ್ಣುವಾಗ ಯಾರಾದರೂ ತಟ್ಟೆಗೆ ಕೈ ಹಾಕಿದರೆ ಹೇಗಿರುತ್ತೆ?

ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ನಂಬಿ ಕಚ್ಚಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೊಗಳುವ ನಾಯಿಯೂ ಕಚ್ಚುತ್ತದೆ. ಬಾಲ ಆಡಿಸುವ ನಾಯಿಯೂ ಕಚ್ಚುತ್ತದೆ. ಬಾಲ ನೆಟ್ಟಗೆ ಮೇಲೆತ್ತಿ ಸಣ್ಣಗೆ ಅದುರಿಸುತ್ತಿದ್ದರೆ ಅದು ಖುಷಿ ಅಲ್ಲ. ಮೈಯೆಲ್ಲ ಬಳುಕುತ್ತಾ ಸೊಂಟದ ಸಮೇತ ಆಡಿಸಿದರೆ ಅದು ಖುಷಿ. ಕಚ್ಚುವ ಮುಂಚೆ ನಾಯಿ ಹೇಳುವುದು ಬಹಳ ಇರುತ್ತದೆ. ಮುಖ ಆಚೆ ತಿರುಗಿಸುವುದು, ನಿದ್ದೆ ಇಲ್ಲದೆ ಆಕಳಿಸುವುದು, ತಿಂಡಿ ಇಲ್ಲದೆ ತುಟಿ ನೆಕ್ಕಿಕೊಳ್ಳುವುದು, ಎದ್ದು ಹೋಗುವುದು, ತಟ್ಟನೆ ಅಲುಗಾಡದೆ ನಿಂತುಬಿಡುವುದು. ಇವನ್ನೆಲ್ಲ ನಾವು ನೋಡದೇ ಇದ್ದಾಗ ಕೊನೆಗೆ ಗುರ್. ಮೊಬೈಲ್‌ನಲ್ಲಿ ಮಗು ನಾಯಿಯನ್ನು ತಬ್ಬಿಕೊಂಡ ಮುದ್ದಾದ ವಿಡಿಯೋಗಳು ಬರುತ್ತವಲ್ಲ, ಅದರಲ್ಲಿ ನಾಯಿಯ ಮುಖ ಮಾತ್ರ ನೋಡಿ. ಅರ್ಧಕ್ಕರ್ಧ ವಿಡಿಯೋ ನನಗೆ ಪೂರ್ತಿ ನೋಡಲು ಆಗುವುದಿಲ್ಲ.

ಈಗ ಹೊಸ ಮನೆಗೆ ಹೋದರೆ ಮೊದಲ ಅರ್ಧ ಗಂಟೆ ನಾಯಿಯನ್ನು ಮುಟ್ಟುವುದೇ ಇಲ್ಲ. ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರುತ್ತೇನೆ. ಕಾಫಿ ಕೊಟ್ಟರೆ ಕುಡಿಯುತ್ತೇನೆ. ಮನೆಯವರಿಗೆ ಇವನಿಗೆ ದುಡ್ಡು ದಂಡ ಅನಿಸುತ್ತದೆ, ಗೊತ್ತು. ಎಷ್ಟು ಹೊತ್ತು ಮಲಗುತ್ತೆ ಅಂತ ಕೇಳುತ್ತೇನೆ. ಬೆಳೆದ ನಾಯಿಗೆ ದಿನಕ್ಕೆ ಹನ್ನೆರಡು ಗಂಟೆ ನಿದ್ದೆ ಬೇಕು, ಮರಿಗೆ ಹದಿನೆಂಟು. ಮಕ್ಕಳು, ಟಿವಿ, ಕಾಲಿಂಗ್ ಬೆಲ್, ಆನ್‌ಲೈನ್ ಡೆಲಿವರಿಯ ಹುಡುಗರು ಇದರ ಮಧ್ಯೆ ಎಷ್ಟೋ ನಾಯಿಗಳಿಗೆ ಅಷ್ಟು ನಿದ್ದೆ ಸಿಗಲ್ಲ. ಆಮೇಲೆ ಡಾಕ್ಟರಿಗೆ ತೋರಿಸಿದ್ದೀರಾ ಅಂತ ಕೇಳುತ್ತೇನೆ. ಕರಿಯ ಅಂತ ಒಂದು ಬೀದಿ ತಳಿಯ ನಾಯಿ. ಪ್ರೀತಿಯಿಂದ ಸಾಕಿಕೊಂಡಿದ್ದರು. ತಲೆ ಸವರಲು ಹೋದರೆ ಗುರ್ ಅನ್ನುತ್ತಿದ್ದ. ಕಿವಿಯ ಹತ್ತಿರ ಮೂಗು ಒಯ್ದೆ, ಹುಳಿ ವಾಸನೆ. ಕಿವಿಯೊಳಗೆ ಕೀವು. ಎರಡು ವಾರ ಡ್ರಾಪ್ಸ್ ಹಾಕಿದರು, ಮುಗಿಯಿತು. ನನಗೆ ಒಂದೇ ಭೇಟಿಯ ಫೀಸು ಸಿಕ್ಕಿತು. ಉಣ್ಣಿ ಕಚ್ಚಿ ಬರುವ ಜ್ವರ, ಸೊಂಟದ ನೋವು, ಹಲ್ಲು ನೋವು, ಎಲ್ಲವೂ ಹೊರಗೆ ಬರುವುದು ಸಿಟ್ಟಿನ ರೂಪದಲ್ಲೇ.

ಪಾಠ ಅಂತ ನಾನು ಕಲಿಸುವುದು ಕಡಿಮೆ. ಕೂರು, ಬಾ, ಇರು, ಬಿಡು. ಇಷ್ಟು ಬಂದರೆ ಸಾಕು, ಶೇಕ್‌ಹ್ಯಾಂಡ್ ಎಲ್ಲ ನಿಮ್ಮ ಖುಷಿಗೆ. ಕಷ್ಟ ನಾಯಿಯದ್ದಲ್ಲ. ಅಜ್ಜಿ "ಕೂತ್ಕೋ ಮರಿ" ಅನ್ನುತ್ತಾರೆ, ಅಮ್ಮ "ಸಿಟ್" ಅನ್ನುತ್ತಾರೆ, ಕೆಲಸದವರು "ಉಕ್ಕಾರು" ಅನ್ನುತ್ತಾರೆ, ಮಗ "ಸಿಟ್ ಸಿಟ್ ಸಿಟ್" ಅಂತ ಮೂರು ಸಲ. ಹೀಗಾಗಿ ಮೊದಲ ದಿನ ಮನೆಯವರನ್ನೆಲ್ಲ ಕೂರಿಸಿ ಒಂದು ಪದ ಆರಿಸಿಕೊಳ್ಳಿ ಅನ್ನುತ್ತೇನೆ. ಕೆಲವು ಮನೆಯಲ್ಲಿ ಇದಕ್ಕೇ ಜಗಳ ಆಗಿದೆ.

ಸರಿ ಮಾಡಿದ ತಕ್ಷಣ ನಾಯಿಗೆ ಗೊತ್ತಾಗಬೇಕು. ಅದಕ್ಕೆ ಕ್ಲಿಕ್ಕರ್ ಅಂತ ಟಿಕ್ ಅನ್ನುವ ಡಬ್ಬಿ ಸಿಗುತ್ತದೆ. ನಾನು ಬಾಯಲ್ಲೇ "ಸೈ" ಅನ್ನುತ್ತೇನೆ. ಚಿಕ್ಕ ಪದ, ಮನೆಯಲ್ಲಿ ಬೇರೆ ಯಾರೂ ದಿನಾ ಬಳಸಲ್ಲ. ಕುಂಡೆ ನೆಲಕ್ಕೆ ತಾಗಿದ ಕ್ಷಣ "ಸೈ", ಆಮೇಲೆ ತಿಂಡಿ. ಎರಡು ಸೆಕೆಂಡ್ ತಡವಾದರೆ ನೀವು ಮೆಚ್ಚಿದ್ದು ಕೂತಿದ್ದಕ್ಕಲ್ಲ, ಎದ್ದಿದ್ದಕ್ಕೆ. ಹೆಸರುಕಾಳಿನಷ್ಟು ಚೂರು ಸಾಕು. ಐದು ನಿಮಿಷ, ದಿನಕ್ಕೆ ಮೂರು ಸಲ. ಬಸವನಗುಡಿಯ ಒಬ್ಬರು ಅಮ್ಮ, "ನಮ್ಮನೇಲಿ ಮಾಂಸ ಆಗಲ್ಲಪ್ಪ, ಏನು ಮಾಡೋದು?" ಅಂತ ಸಂಕೋಚ ಪಟ್ಟುಕೊಂಡರು. ಬೇಯಿಸಿದ ಸಿಹಿಗೆಣಸು, ಪನೀರು, ಸೌತೆಕಾಯಿ. ಅವರ ಬೀಗಲ್ ಸಿಹಿಗೆಣಸಿಗೆ ಮನೆ ಪತ್ರ ಬರೆದುಕೊಡುತ್ತಿತ್ತು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ಮಾತ್ರ ಬೇಡ. ಹಬ್ಬದ ದಿನ ಪಾಯಸ ಹಾಕಿ ಆಸ್ಪತ್ರೆಗೆ ಓಡಿದವರಿದ್ದಾರೆ.

"ಬಾ" ಅನ್ನುವುದನ್ನು ಹಾಳು ಮಾಡಿಕೊಳ್ಳಬೇಡಿ. ಕರೆದು ಬೈದರೆ, ಕರೆದು ಸ್ನಾನಕ್ಕೆ ಎಳೆದರೆ, ಮುಂದಿನ ಸಲ ಯಾಕೆ ಬರಬೇಕು?

ಮರಿ ತರುವವರಿಗೆ ಒಂದು ಮಾತು. ಎಂಟು ವಾರಕ್ಕಿಂತ ಚಿಕ್ಕ ಮರಿ ಮಾರಬಾರದು ಅಂತ 2017ರ ನಿಯಮವೇ ಇದೆ. ಆದರೂ ಮೂವತ್ತು ದಿನದ ಮರಿಯನ್ನು ಶೂ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತೆ ಅಂತ ಮರಿ ಕಲಿಯುವುದು ಒಡಹುಟ್ಟಿದವರ ಜೊತೆ ಆಡುವಾಗ. ಆ ಪಾಠ ತಪ್ಪಿಸಿಕೊಂಡ ಮರಿ ಆಮೇಲೆ ನನ್ನ ಹತ್ತಿರ ಬರುತ್ತದೆ. ನನಗೆ ವ್ಯಾಪಾರ, ನಿಮಗೆ ಕೈತುಂಬ ಗೀರು. ಮೂರು ವಾರದಿಂದ ಸುಮಾರು ಮೂರು ತಿಂಗಳವರೆಗೆ ಮರಿ ಏನೇನು ನೋಡುತ್ತದೋ ಅದಕ್ಕೆ ಮುಂದೆ ಹೆದರುವುದು ಕಡಿಮೆ. ಲಸಿಕೆ ಪೂರ್ತಿ ಆಗುವವರೆಗೆ ನೆಲಕ್ಕೆ ಬಿಡಬೇಡಿ, ಪಾರ್ವೋ ಅನ್ನುವ ಅಂಟುರೋಗದ ಭಯ ಇದೆ. ಎತ್ತಿಕೊಂಡು ಹೋಗಿ ತೋರಿಸಿ. ಆಟೋ, ಕುಕ್ಕರ್ ವಿಷಲ್, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ತಾತ. ಪಟಾಕಿ ಸದ್ದನ್ನು ದೀಪಾವಳಿಗೆ ಎರಡು ತಿಂಗಳು ಮುಂಚಿನಿಂದ ಮೊಬೈಲ್‌ನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಜೊತೆಗೆ ಊಟ ಕೊಡಿ. ಹಬ್ಬದ ಹಿಂದಿನ ದಿನ ಫೋನು ಮಾಡಿದರೆ ನಾನೇನು ಮಾಡಲಿ?

21 ದಿನದಲ್ಲಿ ಗ್ಯಾರಂಟಿ ಅನ್ನುವ ಬೋರ್ಡು ನೋಡಿದರೆ ನನಗೆ ನನ್ನ ಆ ಹತ್ತು ದಿನ ನೆನಪಾಗುತ್ತವೆ. ನಾನು ಗ್ಯಾರಂಟಿ ಕೊಡುವುದಿಲ್ಲ. ನಾಯಿಯನ್ನು ನನ್ನ ಬಳಿ ಬಿಟ್ಟು ಹೋಗಿ ಅಂತಲೂ ಹೇಳುವುದಿಲ್ಲ, ತೊಂದರೆ ಇರುವುದು ಆ ಮನೆಯಲ್ಲಿ. ನನ್ನಿಂದ ಆಗದೇ ಇದ್ದ ನಾಯಿಗಳೂ ಇವೆ. ಒಂದಕ್ಕೆ ಪಶುವೈದ್ಯರು ಮಾತ್ರೆ ಶುರು ಮಾಡಬೇಕಾಯಿತು. ಇನ್ನೊಂದನ್ನು ಮಕ್ಕಳಿರುವ ಮನೆಯಲ್ಲಿ ಇಡಬೇಡಿ ಅಂತ ನಾನೇ ಹೇಳಿದೆ. ಆ ಮನೆಯಾಕೆ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ನನ್ನ ಜೊತೆ ಕೆಲಸಕ್ಕೆ ಸೇರುವ ಹುಡುಗರನ್ನು ಮೊದಲ ವಾರ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುವ ಹುಚ್ಚು ನನಗೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಒಂದು ಕಲ್ಲು ಅಲ್ಲಿಗೆ ಬಂದಿದೆ, ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಅನ್ನುವ ವೀರನಿಗೆ ದೊರೆ ಏನು ಬೇಕು ಕೇಳು ಅಂದ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜಿಸದೆ ಪೂಜಾರಿ ಉಣ್ಣಬಾರದು ಅಂತ ಬರೆಸಿದರು. ಹುಡುಗರು ಸೆಲ್ಫಿ ತೆಗೆದುಕೊಂಡು ಹೊರಗೆ ಪಾನಿಪೂರಿ ತಿನ್ನುತ್ತಾರೆ. ಇರಲಿ.

ಹೋದ ಭಾನುವಾರ ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಒಂಬತ್ತನೇ ಮಹಡಿ. ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ, ಇಬ್ಬರೂ ಸಾಫ್ಟ್‌ವೇರ್. ನಾಯಿ ನಮ್ಮೂರಿನದು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ಬೆಂಗಳೂರಿನಲ್ಲಿ ಇವನ್ನು ಸಾಕುವವರು ಜಾಸ್ತಿ ಸಿಗುತ್ತಿದ್ದಾರೆ. ಓಡಲೆಂದೇ ಹುಟ್ಟಿದ ನಾಯಿಯನ್ನು ಲಿಫ್ಟಿನಲ್ಲಿ ಇಳಿಸಿ ಹತ್ತು ನಿಮಿಷ ಪಾರ್ಕಿಂಗ್‌ನಲ್ಲಿ ಸುತ್ತಿಸುತ್ತಾರೆ. ಅದು ಬಾಲ್ಕನಿ ಮೂಲೆ ಹಿಡಿದು ಕೂತಿತ್ತು. ನನ್ನನ್ನು ನೋಡಿ ಗುರ್ ಅಂದಿತು.

"ಬೈಬೇಕೇನ್ರೀ ಸರ?" ಅಂದ ಆ ಹುಡುಗ.

"ಬ್ಯಾಡ್ರಿ," ಅಂದು ನಾನು ಒಂದು ಮಾರು ಹಿಂದೆ ಸರಿದು ಗೋಡೆಗೆ ಒರಗಿ ಕೂತೆ. ಸದ್ದು ನಿಂತಿತು. ಬ್ಯಾಗಿನಲ್ಲಿ ಊರಿಂದ ಬಂದ ಜೋಳದ ರೊಟ್ಟಿ ಇತ್ತು. ನಮ್ಮೂರಿನ ನಾಯಿ, ವಾಸನೆ ಹಿಡಿದು ಬರುತ್ತೆ ಅಂತ ಬಹಳ ಹೆಮ್ಮೆಯಿಂದ ಒಂದು ಚೂರು ಮುರಿದು ಅದರ ಕಡೆ ಜಾರಿಸಿದೆ. ಮೂಸಿತು. ಮುಖ ತಿರುಗಿಸಿತು. ಹತ್ತು ನಿಮಿಷ ಕಾದೆ. ಆ ಹೆಣ್ಣುಮಗಳಿಗೆ ನಗು ತಡೆಯಲಾಗಲಿಲ್ಲ. "ಇಲ್ಲೇ ಬೆಳದದ್ದರೀ ಸರ, ರೊಟ್ಟಿ ಗೊತ್ತಿಲ್ಲ ಅದಕ್ಕ," ಅಂದಳು. ಫ್ರಿಜ್ಜಿನಿಂದ ಬೇಯಿಸಿದ ಕೋಳಿ ತಂದುಕೊಟ್ಟಳು. ಆ ಚೂರಿಗೆ ಮಾತ್ರ ಎರಡು ಹೆಜ್ಜೆ ಮುಂದಕ್ಕೆ ಬಂತು. ರೊಟ್ಟಿ ನಾನೇ ತಿಂದೆ.